ಹೆಳವರ ಪುಸ್ತಕ ಸೇರಿದ ಇಸುಮಾರಮ್ಮ

ನಮ್ಮ ತೀರ್ಥಪ್ಪನ ವಿಚಾರ ತಾನೆ? ಬರ್ಕೋ ಅಮೂಲ್ಯಾ, ಹೇಳ್ತೀನಿ. ನಿಮ್ಮ ಕಾಲೇಜಿನ ಪುಸ್ತಕಕ್ಕೆ ಊರಿನ ಒಬ್ಬ ಸಾಮಾನ್ಯ ಮನುಷ್ಯನ ಬಗ್ಗೆ ಬೇಕು ಅಂದ್ಯಲ್ಲ, ಇವನಿಗಿಂತ ಸಾಮಾನ್ಯನ್ನ ಪಂಚನಹಳ್ಳಿ ಪೂರಾ ಹುಡುಕಿದ್ರೂ ಸಿಗಲ್ಲ. ಎತ್ತರ ಮಧ್ಯಮ, ಬಣ್ಣ ಮಧ್ಯಮ, ಎಸ್ಸೆಸೆಲ್ಸೀಲಿ ಬಂದ ಮಾರ್ಕ್ಸೂ ಮಧ್ಯಮ. ನನ್ನ ಮೈದುನ, ನಿಮ್ಮ ತಾತನ ಕೊನೇ ತಮ್ಮ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಇವನಿಗೆ ಮೂರು ವರ್ಷ. ಚಡ್ಡಿ ಹಾಕ್ಕೊಳಲ್ಲ ಅಂತ ಊರೆಲ್ಲಾ ಓಡೋನು. ಅದನ್ನ ಬರೀಬೇಡ. ಬರೆದ್ಬಿಟ್ಯಾ? ಇರ್ಲಿ ಬಿಡು, ಈಗೇನು ಹಾಕ್ಕೊತಾನಲ್ಲ.

ಕೆಲಸ ಏನು ಅಂದ್ರೆ ಕೊಬ್ಬರಿ. ಎರಡೆಕರೆ ತೆಂಗು, ಮೇಲೊಂದಿಷ್ಟು ರಾಗಿ ಹೊಲ. ತೆಂಗಿನಕಾಯಿನ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ರೆ ಒಳಗೆ ನೀರು ಇಂಗಿ ಗಿಟುಕು ಕೊಬ್ಬರಿ ಆಗ್ತದೆ. ಆಗೈತೋ ಇಲ್ವೋ ಅಂತ ಕಾಯಿನ ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡ್ಬೇಕು. ನಮ್ಮ ತೀರ್ಥ ತಲೆ ಓರೆ ಮಾಡಿ ಒಂದ್ಸಲ ಅಲ್ಲಾಡಿಸಿದ್ರೆ ಸಾಕು, ಗೊತ್ತಾಗ್ತದೆ. ಕಾಯೋದ್ರಲ್ಲಿ ಅವನಂಥೋನು ಇಲ್ಲ. ಹನ್ನೊಂದು ತಿಂಗಳು ಸುಮ್ನೆ ಕಾಯೋ ಕೆಲಸ ಮಾಡಿದೋನು ಬೇರೆ ಏನು ಕಲಿತಾನೆ ಹೇಳು.

ನಾಕು ವರ್ಷದ ಹಿಂದೆ ಆ ಅಟ್ಟದ ಏಣಿಯಿಂದಲೇ ಬಿದ್ದ. ಬಲಗಾಲು ಮುರೀತು. ಕಡೂರಿಗೆ ಕರ್ಕೊಂಡ್ಹೋಗಿ ಬ್ಯಾಂಡೇಜ್ ಹಾಕ್ಸಿದ್ವು, ಮೂರು ತಿಂಗಳು ಮಂಚ ಬಿಟ್ಟು ಇಳೀಬೇಡ ಅಂದ್ರು ಡಾಕ್ಟ್ರು. ಅವನ ಹೆಂಡ್ತಿ ಸಂಗೀತಾ ಅಜ್ಜಂಪುರದೋಳು, ಕೈ ಬಲು ಚುರುಕು, ಅವಳ ಅಮ್ಮನೂ ಹಂಗೇ, ಅವರ ಮನೆ ನುಚ್ಚಿನುಂಡೆ ತಿಂದಿದ್ದೀಯಾ ನೀನು? ತಿಂದಿಲ್ವಾ? ಅಯ್ಯೋ. ಆ ಸಂಗೀತಾನೂ ಎಷ್ಟು ದಿನ ಅಂತ ಗಂಡನ ಪಕ್ಕ ಕೂತು ಕತೆ ಹೊಡೀತಾಳೆ. ಆಗ ತರೀಕೆರೆಯಿಂದ ನನ್ನ ಮಗಳ ಮಗ ಹರ್ಷಿತ್ ರಜಕ್ಕೆ ಬಂದಿದ್ನಲ್ಲ, ‘ತಾತಾ ಬೇಜಾರಾ?’ ಅಂತ ಫೋನಲ್ಲಿ ಒಂದು ಆಟ ಹಾಕ್ಕೊಟ್ಟು ಹೋದ. ಅಲ್ಲಿಗೆ ಶುರು.

ಆಟದ ಹೆಸರು ‘ಆಶಸ್ ಆಫ್ ಕೆಲ್ವಾರ್’. ಕೆಲ್ವಾರದ ಬೂದಿ ಅಂತ ಅರ್ಥವಂತೆ. ಕೆಲ್ವಾರ ಅಂದ್ರೆ ಒಂದು ರಾಜ್ಯ. ಅಲ್ಲಿ ಹಾಲ್ಡ್ರಿಕ್ ಅಂತ ರಾಜ, ಇಸ್ಮಾರಾ ಅಂತ ರಾಣಿ. ಮೂರು ಗಂಡುಮಕ್ಕಳು. ದೊಡ್ಡೋನು ತೋರ್ವಾನ್, ರೆಕ್ಕೆ ಇರೋ ಹಾವಿನ ಮೇಲೆ ಕೂತ್ಕೊಂಡು ಹೋಗ್ತಾನೆ. ಎರಡನೇದಕ್ಕೆ ಕಣ್ಣಿಲ್ಲ ಪಾಪ. ಮೂರನೇದು ಎಲ್ಲೋ ಹೋಯ್ತು, ಪತ್ತೆ ಇಲ್ಲ. ನಂಗೆ ಹೆಂಗೆ ಇಷ್ಟು ಗೊತ್ತು ಅಂತೀಯಾ? ನಾಕು ವರ್ಷ ಅವನ ಬಾಯಲ್ಲಿ ಕೇಳಿದ್ದೀನಿ ಕಣೇ. ರಾಗಿ ಕೇರ್ತಾ ಕೇಳಿದ್ದೀನಿ, ಸೊಪ್ಪು ಸೋಸ್ತಾ ಕೇಳಿದ್ದೀನಿ, ಹಲ್ಲು ನೋವು ಬಂದಾಗ ದವಡೆ ಹಿಡ್ಕೊಂಡು ಕೇಳಿದ್ದೀನಿ.

ಬೇರೆಯೋರು ಈ ಆಟನ ಹೊಡೆದಾಡೋಕೆ ಆಡ್ತಾರಂತೆ. ಇವನಿಗೆ ಹೊಡೆದಾಟ ಬೇಡ. ‘ಹೊಡೆದಾಡೋರು ಹೊಡೆದಾಡ್ಲಿ ಅತ್ತಿಗೆ, ಯಾಕೆ ಹೊಡೆದಾಡ್ತಾವ್ರೆ ಅಂತ ನಂಗೆ ಗೊತ್ತಾಗ್ಬೇಕು’ ಅನ್ನೋನು. ಆದ್ರೆ ಯುದ್ಧ ಗೆಲ್ಲದೆ ಮುಂದಿನ ಕತೆ ಬಾಗಿಲು ತೆಗಿಯಲ್ವಂತಲ್ಲ. ಅದಕ್ಕೆ ಹರ್ಷಿತಂಗೆ ಫೋನು ಮಾಡೋನು. ‘ಲೇ, ನಾಳೆ ಸಾಯಂಕಾಲದೊಳಗೆ ನಂದೊಂದು ಯುದ್ಧ ಗೆದ್ಕೊಡೋ, ಉತ್ತರದ ಕೋಟೆದು.’ ಅವನು ತರೀಕೆರೇಲಿ ಕೂತು ಯುದ್ಧ ಗೆಲ್ಲೋನು, ಇವನು ಇಲ್ಲಿ ಕಾಲು ಚಾಚ್ಕೊಂಡು ಕತೆ ಓದೋನು. ಕತೆ ಇಂಗ್ಲಿಷು. ಇವನ ಇಂಗ್ಲಿಷು ಗೊಬ್ಬರದ ಚೀಲದ ಮೇಲೆ ಬರೆದಿರೋದು ಓದೋವಷ್ಟು. ಅದಕ್ಕೂ ಹರ್ಷಿತ್ ಒಂದು ಉಪಾಯ ಮಾಡ್ಕೊಟ್ಟಿದ್ದ, ಫೋನೇ ಕನ್ನಡ ಮಾಡಿ ಕೊಡೋದು. ‘ರಾಣಿ ತನ್ನ ಮೌನವನ್ನು ತಿಂದಳು’ ಅಂತ ಬರೋದು. ಅದನ್ನ ಇಟ್ಕೊಂಡು ಒಂದಿನ ಪೂರಾ ಯೋಚ್ನೆ ಮಾಡಿದ್ದ. ‘ಎಂಥ ಮಾತು ಅತ್ತಿಗೆ!’ ಅಂದ. ಹೂಂ ಕಣಪ್ಪ, ನಾನೂ ಐವತ್ತು ವರ್ಷದಿಂದ ಈ ಮನೇಲಿ ಅದನ್ನೇ ತಿಂತಿರೋದು ಅಂದೆ. ನಿಮ್ಮ ತಾತ ಆ ಕಡೆ ತಿರುಗಿ ಕೆಮ್ಮಿದ್ರು.

ಕಾಲು ಸರಿಹೋಯ್ತು, ಹುಚ್ಚು ಬಿಡಲಿಲ್ಲ. ಕೊಬ್ಬರಿ ಕೊಳ್ಳೋಕೆ ಬಂದೋನ್ನ ಕೂರಿಸ್ಕೊಂಡು ಪೂರ್ವದ ಕೋಟೆ ಹೆಂಗೆ ಬಿತ್ತು ಅಂತ ಹೇಳೋನು. ಅವನು ಪಾಪ ಅವಸರದಲ್ಲಿ ಹೇಳಿದ ರೇಟಿಗೆ ಒಪ್ಕೊಂಡು ಓಡಿಹೋಗೋನು, ಅದೊಂದು ಲಾಭ ಆಯ್ತು. ಯಾರ ಮನೆ ನಾಮಕರಣಕ್ಕೆ ಹೋದ್ರೂ ಇದೇ ಪುರಾಣ. ಸಂಗೀತಾ ನನ್ಹತ್ರ ಬಂದು, ‘ಅಕ್ಕಾ, ಇವ್ರಿಗೆ ನಮ್ಮಜ್ಜಿ ಹೆಸರು ಗೊತ್ತಿಲ್ಲ, ಆ ರಾಣಿ ಸೋದರತ್ತೆ ಹೆಸರು ಗೊತ್ತು’ ಅಂತ ಅತ್ಲು ಒಂದ್ಸಲ. ಅತ್ತು, ಆಮೇಲೆ ಏನೋ ನೆನೆಸ್ಕೊಂಡು, ‘ಆ ಸೋದರತ್ತೆನೂ ಒಳ್ಳೆಯೋಳಲ್ವಂತೆ ಅಕ್ಕಾ’ ಅಂದ್ಲು. ಅವಳೂ ಕೇಳ್ತಿದ್ಲು ಅಂತ ಆಯ್ತಲ್ಲ.

ಎಲ್ರಿಗಿಂತ ಹೆಚ್ಚು ಆಡ್ಕೊಂಡೋನು ಚನ್ನಬಸಪ್ಪ. ನಮ್ಮ ದಾಯಾದಿ, ಮೇಲಿನ ಮನೆ ಯಜಮಾನ. ಇಪ್ಪತ್ತು ವರ್ಷದ ಹಿಂದೆ ಒಂದು ಸಲ ತಾಲ್ಲೂಕ್ ಪಂಚಾಯ್ತಿ ಮೆಂಬರ್ ಆಗಿದ್ದ. ಇವತ್ತಿಗೂ ಗಾಡಿ ಮುಂದೆ ‘ಮಾಜಿ’ ಅಂತ ಬೋರ್ಡ್ ಐತೆ, ಏನು ಮಾಜಿ ಅನ್ನೋ ಅಕ್ಷರ ಎಲ್ಲಾ ಉದುರಿಹೋಗೈತೆ. ಬಸ್‌ಸ್ಟ್ಯಾಂಡಲ್ಲಿ ತೀರ್ಥನ್ನ ಕಂಡ್ರೆ ಸಾಕು, ‘ಏನಪ್ಪಾ ಕೆಲ್ವಾರದ ಗೌಡ, ರಾಜರು ಆರಾಮಾ? ಹಾವಿಗೆ ಹಾಲು ಹಾಕಿದ್ಯಾ?’ ಅನ್ನೋನು. ‘ಐವತ್ತು ದಾಟಿದೋನು ಇಲ್ಲದಿರೋ ರಾಜರ ಕತೆ ನಂಬ್ಕೊಂಡು ಕೂತವ್ನೆ’ ಅಂತ ಊರಿಗೆಲ್ಲಾ ಹೇಳೋನು. ಅವನೇ ಬೆಳಗಾದ್ರೆ ವಾಟ್ಸಾಪಲ್ಲಿ ಬಂದಿದ್ದನ್ನೆಲ್ಲಾ ನಂಬೋನು. ಹಿಮಾಲಯದಲ್ಲಿ ನಾನೂರು ವರ್ಷದ ಸನ್ಯಾಸಿ ಸಿಕ್ಕವ್ನೆ, ಹಾಗಲಕಾಯಿ ರಸ ಕುಡಿದ್ರೆ ಕನ್ನಡಕ ಬೇಡ, ಎಲ್ಲಾ. ಆ ರಸ ಕುಡಿದು ಮೂರು ದಿನ ಮನೆ ಹಿಂದೆ ಓಡಾಡಿದ್ದು ನಂಗೆ ಗೊತ್ತು. ಅವನ ಹೆಂಡ್ತಿ ಹುಚ್ಚಮ್ಮ ನನ್ನ ಗೆಳತಿ ಅಲ್ವಾ.

ಹಿಂಗಿರ್ಬೇಕಾದ್ರೆ ಹೋದ ವರ್ಷದ ಹಿಂದಿನ ವರ್ಷ, ಡಿಸೆಂಬರಲ್ಲಿ ಇರ್ಬೇಕು, ಒಂದಿನ ತೀರ್ಥ ಮುದ್ದೆ ಮುಂದೆ ಕೂತು ಕೈಯೇ ಹಾಕ್ತಿಲ್ಲ. ಹೊಟ್ಟೆ ಸರಿಯಿಲ್ವೇನೋ ಅಂದೆ. ‘ಆಟ ನಿಲ್ಲಿಸ್ತಾರಂತೆ ಅತ್ತಿಗೆ’ ಅಂದ. ಮಾರ್ಚ್ ಮೂವತ್ತೊಂದಕ್ಕೆ ಕಂಪನಿಯೋರು ಬಾಗಿಲು ಹಾಕ್ತಾರೆ, ಅಲ್ಲಿಗೆ ಕತೆ, ಕೋಟೆ, ರಾಜ, ರಾಣಿ ಎಲ್ಲಾ ಫೋನಿಂದ ಅಳಿಸಿಹೋಗ್ತದೆ. ಸರಿ, ಹೋಗ್ಲಿ ಬಿಡು, ಬೇರೆ ಆಟ ಹಾಕ್ಕೊ ಅಂದೆ.

‘ಇಸ್ಮಾರಾ ಕತೆ ಮುಗ್ದಿಲ್ಲ’ ಅಂದ.

ಏನಪ್ಪಾ ಅಂದ್ರೆ, ವೈರಿಗಳು ಏಳು ವರ್ಷ ಕೆಲ್ವಾರದ ಕೋಟೆ ಸುತ್ತ ಕೂತಿದ್ರಂತೆ. ಏಳನೇ ವರ್ಷ ರಾಣಿ ಇಸ್ಮಾರಾ ಒಳಗಿಂದ ತಾನೇ ಬಾಗಿಲು ತೆಗೆದ್ಲು. ಕೋಟೆ ಬಿತ್ತು. ಯಾಕೆ ತೆಗೆದ್ಲು ಅಂತ ಕೊನೇ ಅಧ್ಯಾಯದಲ್ಲಿ ಹೇಳ್ತೀವಿ ಅಂದಿದ್ರಂತೆ ಕಂಪನಿಯೋರು. ಆ ಅಧ್ಯಾಯ ಬರಲೇ ಇಲ್ಲ, ಅಷ್ಟರಲ್ಲಿ ಅಂಗಡಿ ಮುಚ್ಚೋ ಮಾತು. ಆಟದಲ್ಲಿ ಎಲ್ರೂ ಅವಳನ್ನ ದ್ರೋಹಿ ಅಂತಾರೆ. ‘ಹಂಗೇ ಉಳ್ಕೊಂಡ್ಬಿಡ್ತಾಳೆ ಅತ್ತಿಗೆ. ಅವಳು ಅಂಥೋಳಲ್ಲ’ ಅಂದ. ನಗೋಣ ಅಂತ ಬಾಯಿ ತೆಗೆದೋಳು ಅವನ ಮುಖ ನೋಡಿ ಮುಚ್ಕೊಂಡೆ. ಅವರಪ್ಪ ತೀರಿಹೋದಾಗ್ಲೂ ಹಂಗೆ ಕೂತಿದ್ದಿಲ್ಲ ಅವನು. ಅವರಪ್ಪ ಸ್ವಲ್ಪ ಕಷ್ಟದ ಮನುಷ್ಯ, ಅದು ಬಿಡು.

ಹರ್ಷಿತ್, ‘ಫೋಟೊ ಹೊಡ್ಕೊಳ್ಳಿ ತಾತ, ಸ್ಕ್ರೀನ್‌ಶಾಟು’ ಅಂದ. ಹೊಡೆದ್ನಪ್ಪ, ಮೂರೂವರೆ ಸಾವಿರ. ಫೋನು ಎಮ್ಮೆ ಮಲಗ್ದಂಗೆ ಮಲಗ್ಬಿಡ್ತು. ಕಡೂರಲ್ಲಿ ಒಬ್ಬ ರಿಪೇರಿ ಹುಡುಗಂಗೆ ಕೊಟ್ಟ. ಅವನು ನೀಟಾಗಿ ನೆಲ ಸಾರಿಸ್ದಂಗೆ ಎಲ್ಲಾ ಅಳಿಸಿ, ‘ನೋಡಿ ಅಂಕಲ್, ಹೊಸದರಂಗೆ ಓಡ್ತದೆ’ ಅಂತ ಕೊಟ್ಟ. ಆಟ ತಿರ್ಗಾ ಹಾಕ್ಸಿದ್ರೆ ಆಟ ಬಂತು, ಫೋಟೊ ಬರಲಿಲ್ಲ. ನೋಟ್‌ಬುಕ್ಕಲ್ಲಿ ಬರೆಯೋಕೆ ಕೂತ. ಹದಿನಾರು ಪುಟ ಬರೆದು ತಾನೇ ನಿಲ್ಲಿಸ್ದ. ‘ನಾನು ಸತ್ಮೇಲೆ ಇದನ್ನ ಯಾರು ಇಟ್ಕೊತಾರೆ? ನಮ್ಮಪ್ಪ ಬರೆದ ಮಳೆ ಲೆಕ್ಕದ ಪುಸ್ತಕ ಒಲೆಗೆ ಹೋಯ್ತಲ್ಲ’ ಅಂದ. ಒಲೆಗೆ ಹಾಕಿದೋಳು ನಾನೇ. ಗೆದ್ದಲು ಹಿಡ್ದಿತ್ತು ಕಣೇ, ಏನ್ ಮಾಡ್ಲಿ.

ಸಂಕ್ರಾಂತಿ ಕಳೆದ್ಮೇಲೆ ರಾಗಿ ಒಕ್ಕಣೆ ಮುಗೀತು, ಹೆಳವರ ಬೀರಯ್ಯ ಬಂದ. ಹೆಳವರು ಅಂದ್ರೆ ಗೊತ್ತಾ ನಿಂಗೆ? ನಮ್ಮ ಮನೆ ಮನೆ ವಂಶ ಬರೆದಿಟ್ಕೊಂಡಿರೋರು. ನಿನ್ನ ತಾತನ ತಾತ ಯಾರು, ಯಾವ ಊರಿಂದ ಬಂದ, ಯಾರಿಗೆ ಎಷ್ಟು ಮಕ್ಕಳು ಅಂತ ತಲೆಮಾರಿನಿಂದ ಪುಸ್ತಕದಲ್ಲಿ ಏರಿಸ್ತಾ ಬತ್ತಾರೆ. ಸುಗ್ಗಿ ಮುಗಿದ್ಮೇಲೆ ಬಂದು ಜಗಲಿ ಮೇಲೆ ಕೂತು ರಾಗವಾಗಿ ಓದ್ತಾರೆ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಸೇರಿಸ್ಕೊತಾರೆ. ನಾವು ದವಸ, ಪಾತ್ರೆ, ಕರು, ಕೈಲಾದ್ದು ಕೊಡ್ತೀವಿ. ಮುಂಚೆ ಎತ್ತಿನ ಮೇಲೆ ಬರೋರು, ಈಗ ಬೀರಯ್ಯ ಟಿವಿಎಸ್ಸಲ್ಲಿ ಬತ್ತಾನೆ, ಪುಸ್ತಕ ರೆಕ್ಸಿನ್ ಬ್ಯಾಗಲ್ಲಿ. ನಿನ್ನ ಹೆಸರೂ ಐತೆ ಅದರಲ್ಲಿ. ನೀನು ಹುಟ್ಟಿದ ವರ್ಷ ಒಂದು ಕೊಳಗ ಅವರೆಕಾಳು ಕೊಟ್ಟಿದ್ದೆ.

ಬೀರಯ್ಯ ನಮ್ಮ ವಂಶ ಓದಿ ಮುಗಿಸ್ದ. ತೀರ್ಥ ಅವನನ್ನೇ ನೋಡ್ತಾ ಕೂತಿದ್ದೋನು ಇದ್ದಕ್ಕಿದ್ದಂಗೆ ಅಂದ, ‘ಬೀರಯ್ಯ, ನಿನ್ನ ಪುಸ್ತಕದಲ್ಲಿ ಒಂದು ವಂಶ ಬರ್ಕೊತೀಯಾ? ನಮ್ಮದಲ್ಲ.’

‘ಯಾರದು ಯಜಮಾನ್ರೇ?’

‘ಒಬ್ಬ ರಾಜಂದು. ಅವರನ್ನ ಹೇಳ್ಕೊಳೋಕೆ ಇನ್ನು ಯಾರೂ ಇರಲ್ಲ.’

‘ಸಂತಾನ ನಿಂತುಹೋಯ್ತಾ?’

‘ಮಾರ್ಚ್ ಮೂವತ್ತೊಂದಕ್ಕೆ ನಿಲ್ತದೆ.’

ಬೀರಯ್ಯ ಎಂಥೆಂಥದೋ ಕೇಳಿದ ಮನುಷ್ಯ, ಹುಬ್ಬು ಕೂಡ ಅಲ್ಲಾಡಿಸಲಿಲ್ಲ. ಎಲೆಅಡಿಕೆ ಬಾಯಿಗೆ ಹಾಕ್ಕೊಂಡು ಪೆನ್ನು ತೆಗೆದ. ‘ನಮ್ಮ ಕ್ರಮ ಹೇಳ್ಬಿಡ್ತೀನಿ. ಮನೆ ಹೆಸರಿಲ್ದೆ ನಾವು ಏನೂ ಬರೆಯಲ್ಲ. ದಿಕ್ಕಿಲ್ಲದ ವಂಶ ಆದ್ರೆ ಅದನ್ನ ಸಾಕ್ತೀನಿ ಅಂದ ಮನೆ ಕೆಳಗೆ ಸೇರಿಸ್ತೀವಿ. ನಿಮ್ಮನೆ ಕೆಳಗೆ ಹಾಕ್ಲಾ?’

‘ಹಾಕು’ ಅಂದ್ಬಿಟ್ಟ ನಮ್ಮ ತೀರ್ಥ.

ಆಮೇಲೆ ಶುರುವಾಯ್ತು ನೋಡು. ಬೀರಯ್ಯ ಸಾಲಾಗಿ ಕೇಳ್ತಾನೆ, ಇವನು ಸಾಲಾಗಿ ಹೇಳ್ತಾನೆ. ನಾನು ಹಪ್ಪಳ ಕಾಯ್ಕೊಂಡು ಅಲ್ಲೇ ಕೂತಿದ್ದೆ.

‘ಮೂಲಪುರುಷ?’

‘ಹಾಲ್ಡ್ರಿಕ್.’

‘ಹಾಲದ್ರಿಕಪ್ಪ’ ಅಂತ ಬರ್ಕೊಂಡ ಬೀರಯ್ಯ. ‘ಅಪ್ಪ ಇಲ್ದಿದ್ರೆ ರಾಗಕ್ಕೆ ಕೂರಲ್ಲ. ಹೆಂಡ್ತಿ?’

‘ಇಸ್ಮಾರಾ.’

‘ಇಸುಮಾರಮ್ಮ. ಯಾವೂರ ಹೆಣ್ಣು?’

‘ಸಮುದ್ರದ ಆಚೆದು.’

‘ದೂರದಿಂದ ತಂದವ್ರೆ. ಹಿರಿಮಗ ತೋರವಯ್ಯ, ಸರಿ. ಇವನು ಹೋಗಿದ್ದು ಯಾವುದರ ಮೇಲೆ ಅಂದ್ರಿ? ಡ್ರ್ಯಾಗನ್ನಾ? ಹಂಗಂದ್ರೆ?’

‘ರೆಕ್ಕೆ ಹಾವು. ಬಾಯಲ್ಲಿ ಬೆಂಕಿ.’

‘ಅದನ್ನ ಮನೇಲೇ ಕಟ್ತಿದ್ರಾ, ಇಲ್ಲಾ ಬೇರೆ ಕೊಟ್ಟಿಗೆಯಾ?’

‘ಬೇರೆ.’

‘ಅಣ್ತಮ್ಮಂದಿರಿಗೆ ಭಾಗ ಆಗಿತ್ತಾ?’

ತೀರ್ಥ ತಲೆ ಕೆರ್ಕೊಂಡ. ಅಷ್ಟು ದಿನದಲ್ಲಿ ಇದೊಂದನ್ನ ಅವನು ಯೋಚ್ನೆನೇ ಮಾಡಿರ್ಲಿಲ್ಲ. ‘ಆಗಿರ್ಲಿಲ್ಲ ಅನ್ಸುತ್ತೆ’ ಅಂದ. ‘ಅದಕ್ಕೇ ಹಾಳಾಗಿರೋದು’ ಅಂತ ಬೀರಯ್ಯ ಬರ್ಕೊಂಡ. ಕಿರಿಮಗ ಎಲ್ಲಿಗೆ ಹೋದ ಅಂತ ಗೊತ್ತಿಲ್ಲ ಅಂದಾಗ ಅರ್ಧ ಪುಟ ಖಾಲಿ ಬಿಟ್ಟ. ಕೊನೆಗೆ ಬಾಗಿಲ ವಿಷಯ ಬಂತು. ‘ಏಳನೇ ವರ್ಷ ಇಸುಮಾರಮ್ಮ ಕೋಟೆ ಬಾಗಿಲು ತೆಗೆದಳು’ ಅಂತ ಬರೆದು ತಲೆ ಎತ್ತಿ, ‘ಯಾಕೆ?’ ಅಂದ.

‘ಗೊತ್ತಿಲ್ಲ’ ಅಂದ ತೀರ್ಥ. ‘ಹೆಸರು ಮಾತ್ರ ಅಳಿಸ್ಬೇಡ.’

ಕಾಣಿಕೆ ಅಂತ ಒಂದು ಮೂಟೆ ರಾಗಿ ಕೊಟ್ಟ. ರಾಜವಂಶಕ್ಕೆ ಬರೀ ರಾಗಿನಾ ಅಂದ ಬೀರಯ್ಯ. ಇವನು ಸೀದಾ ನಮ್ಮ ಅಡುಗೆಮನೆಗೆ ನುಗ್ಗಿ ನನ್ನ ತವರಿನ ಕಂಚಿನ ತಂಬಿಗೆ ತಂದು ಅವನ ಕೈಗಿಟ್ಟ! ನಮ್ಮವ್ವ ಹಿರೇನಲ್ಲೂರಿಂದ ನಂಗೆ ಮದುವೇಲಿ ಕೊಟ್ಟಿದ್ದು ಅಮೂಲ್ಯಾ. ಆ ತಂಬಿಗೇಲಿ ನೀರು ಕುಡಿದ್ರೆ ಬೇಸಿಗೇಲಿ ಗಂಟಲಿಗೆ ಬೆಣ್ಣೆ ಸವರ್ದಂಗೆ ಆಗೋದು. ಇಲ್ದಿರೋ ರಾಣಿಗೆ ಇರೋ ತಂಬಿಗೆ ಹೋಯ್ತು. ಒಂದು ವಾರ ಇವನ್ನ ನಾನು ಮಾತಾಡ್ಸಲಿಲ್ಲ. ಒಂದು ವಾರ ಅಲ್ಲ, ಎರಡು ದಿನ.

ಮಾರ್ಚ್ ಮೂವತ್ತೊಂದು ಬಂತು, ಆಟ ನಿಂತೋಯ್ತು. ಫೋನು ತೆಗೆದ್ರೆ ಬರೀ ಬೂದಿ ಬಣ್ಣದ ಪರದೆ. ಇವನು ಅಟ್ಟ ಹತ್ತಿ ಕಾಯಿ ಅಲ್ಲಾಡಿಸ್ಕೊಂಡು ಕೂತ. ಸರಿಹೋದ ಅನ್ಕೊಂಡ್ವಿ.

ಈಗ ಚನ್ನಬಸಪ್ಪನ ಕಡೆ ಬತ್ತೀನಿ. ನಮ್ಮ ಒಕ್ಕಲಿನೋರೆಲ್ಲಾ ಸೇರಿ ಒಂದು ಸಮುದಾಯ ಭವನ ಕಟ್ಟಿದ್ದು ನಿಂಗೆ ಗೊತ್ತಲ್ಲ. ಅದಕ್ಕೆ ಮೂಲಪುರುಷನ ಹೆಸರಿಡ್ಬೇಕು ಅಂತ ತೀರ್ಮಾನ ಆಯ್ತು. ಮೂಲಪುರುಷ ಯಾರು? ಮೇಲಿನ ಮನೆಯೋರು ಒಂದು ಹೆಸರು ಹೇಳ್ತಾರೆ, ನಮ್ಮ ಕೆಳಗಿನ ಮನೆಯೋರು ಇನ್ನೊಂದು. ಆರು ತಿಂಗಳು ಜಗಳ. ಹೆಳವರ ಪುಸ್ತಕದಲ್ಲಿ ಏನೈತೋ ಅದೇ ಅಂತ ಕೊನೆಗೆ ಒಪ್ಪಿದ್ರು. ಈ ವರ್ಷದ ಸುಗ್ಗಿ ಮುಗಿದ್ಮೇಲೆ ಚನ್ನಬಸಪ್ಪನ ಅಂಗಳದಲ್ಲಿ ಶಾಮಿಯಾನ ಹಾಕಿ, ಎರಡು ಮನೆಯೋರೂ ಸೇರಿ, ಮಧ್ಯಾಹ್ನಕ್ಕೆ ಊಟ ಇಟ್ಕೊಂಡು, ಬೀರಯ್ಯಂಗೆ ಹೇಳಿಕಳಿಸಿದ್ರು. ಬೀರಯ್ಯಂಗೆ ಮಂಡಿ ನೋವು. ಅವನ ಮಗ ಹೊನ್ನೇಶ್ ಪುಸ್ತಕ ತಗೊಂಡು ಬಂದ. ಒಳ್ಳೆ ಕಂಠ, ಆದ್ರೆ ಈ ಕಡೆ ಊರುಗಳಿಗೆ ಹೊಸಬ.

ಹೊನ್ನೇಶ್ ಓದಿದ. ನಮ್ಮ ಮೂಲಪುರುಷ ಮರುಳಪ್ಪ. ಅಣ್ಣನ ಜೊತೆ ಒಂದು ಹುಣಸೆಮರಕ್ಕೆ ಜಗಳ ಆಡಿ, ಸೋತು, ಎರಡೆಮ್ಮೆ ಹೊಡ್ಕೊಂಡು ಪಂಚನಹಳ್ಳಿಗೆ ಬಂದ. ಎರಡರಲ್ಲಿ ಒಂದು ದಾರೀಲಿ ಸತ್ತೋಯ್ತು. ಇಷ್ಟೇ ನಮ್ಮ ಚರಿತ್ರೆ.

ಚನ್ನಬಸಪ್ಪನ ಮುಖ ಹಾಗಲಕಾಯಿ ರಸ ಕುಡಿದಾಗ ಹೆಂಗಿತ್ತೋ ಹಂಗೆ. ಹುಣಸೆಮರಕ್ಕೆ ಸೋತೋನ ಹೆಸರನ್ನ ಭವನದ ಮೇಲೆ ಹೆಂಗೆ ಬರೆಸ್ತಾನೆ ಪಾಪ. ‘ಇನ್ನೂ ಹಿಂದೆ ಇರ್ಬೇಕು, ನೋಡಪ್ಪ, ಪುಟ ತಿರುಗಿಸು’ ಅಂದ.

ಹೊನ್ನೇಶ್ ತಿರುಗಿಸ್ದ. ಮೇಲೆ ‘ಇದೇ ಮನೆಗೆ ಸೇರಿದ್ದು’ ಅಂತ ಬೀರಯ್ಯನ ಕೈಬರಹ. ಅವನು ಹಂಗೇ ರಾಗ ಎಳೆದ. ‘ಕೆಲವಾರದ ಕೋಟೆಯೊಳಗೆ ಹಾಲದ್ರಿಕಪ್ಪ ಅರಸು, ಆತನ ಮಡದಿ ಇಸುಮಾರಮ್ಮ, ಹೊಟ್ಟೆಯೊಳಗೆ ಮೂರು ಗಂಡು, ಹಿರಿಯವ ತೋರವಯ್ಯ ರೆಕ್ಕೆ ಹಾವ ಏರಿ ಹೋದವ, ನಡುವಿನವ ಕಣ್ಣಿಲ್ಲದವ ಕಿವಿಯಲ್ಲೇ ದಾರಿ ಕಂಡವ...’

ನಾನು ಹಿಂದೆ ಹೆಂಗಸರ ಜೊತೆ ಹುರುಳಿಕಾಯಿ ಮುರೀತಾ ಕೂತಿದ್ದೆ. ಕೈ ನಿಂತೋಯ್ತು. ತೀರ್ಥ ಕಂಬದ ಹತ್ರ ಮಜ್ಜಿಗೆ ಕುಡೀತಿದ್ದ. ಮಜ್ಜಿಗೆ ಮೂಗಲ್ಲಿ ಬಂತು.

ಚನ್ನಬಸಪ್ಪ ಎದ್ದು ನಿಂತ. ‘ಕೇಳಿದ್ರಾ? ಅರಸು ಮನೆತನ! ನಾನು ಮೊದ್ಲಿಂದ ಹೇಳ್ತಿರ್ಲಿಲ್ವಾ? ನಂಗೆ ಚಿಕ್ಕಂದಿಂದ ಹಾವು ಕಂಡ್ರೆ ಭಯ ಇಲ್ಲ, ಯಾಕೆ ಅಂತ ಇವತ್ತು ಗೊತ್ತಾಯ್ತು.’ ಹೋದ ತಿಂಗಳು ಹಾವುರಾಣಿ ಕಂಡು ಮಂಚದ ಮೇಲೆ ಹತ್ತಿ ಕಿರುಚಿದ್ದೋನು. ಹುಚ್ಚಮ್ಮ ನನ್ನ ಪಕ್ಕೆ ತಿವಿದ್ಲು.

ಅಲ್ಲಿಗೆ ಮುಗೀತಾ? ಇಲ್ಲ. ತೋರವಯ್ಯನ ಕವಲು ನಾವು ಅಂತ ಮೇಲಿನ ಮನೆಯೋರು. ಹಂಗಾದ್ರೆ ನಾವೇನು ಕುರುಡನ ಕವಲಾ ಅಂತ ಕೆಳಗಿನ ಮನೆಯೋರು ಮೈಮೇಲೆ ಬಿದ್ರು. ‘ನಿಮ್ಮನೇಲಿ ಎಲ್ರೂ ಕನ್ನಡಕದೋರೇ ಅಲ್ವಾ, ಸರಿಯಾಗೈತೆ ನೋಡಿ’ ಅಂದ ಒಬ್ಬ. ಕೋಟೆ ಎಲ್ಲಿತ್ತು ಅಂತ ಇನ್ನೊಂದು ಚರ್ಚೆ. ಹಿರೇನಲ್ಲೂರ ಹತ್ರ ಹಳೇ ಕಲ್ಲು ಬಿದ್ದವೆ, ಅದೇ ಇರ್ಬೇಕು ಅಂದ ಒಬ್ಬ ರಿಟೈರ್ಡ್ ಮೇಷ್ಟ್ರು. ಹಾವಿನ ರೆಕ್ಕೆ ಗುರುತು ತಮ್ಮ ಹೊಲದ ಬಂಡೆ ಮೇಲೆ ಐತೆ ಅಂತ ಇನ್ನೊಬ್ಬ ಎದ್ದ. ನಾಕು ವರ್ಷ ತೀರ್ಥನ್ನ ಆಡ್ಕೊಂಡು ನಕ್ಕೋರೇ ಇವರೆಲ್ಲಾ. ಆ ಹೆಸರುಗಳನ್ನ ಅವನ ಬಾಯಲ್ಲಿ ನೂರು ಸಲ ಕೇಳಿದ್ರು ಕಣೇ. ಬೀರಯ್ಯ ಹಿಂದೊಂದು ಅಪ್ಪ, ಅಯ್ಯ ಸೇರಿಸಿದ್ದಕ್ಕೆ ಒಬ್ಬರಿಗೂ ಗುರುತು ಸಿಗಲಿಲ್ಲ. ಸಿಕ್ಕಿದ್ರೂ ಬೇಕಾಗಿರಲಿಲ್ಲ ಅನ್ಸುತ್ತೆ.

ಹೊನ್ನೇಶ್ ಮುಂದೆ ಓದ್ತಿದ್ದ. ‘...ಏಳನೇ ವರ್ಷದಲ್ಲಿ ಇಸುಮಾರಮ್ಮ ವೈರಿ ನಿಂತಿರಲು ಕೋಟೆ ಬಾಗಿಲ ತೆಗೆದಳು.’

‘ನಿಲ್ಸು’ ಅಂದ ಚನ್ನಬಸಪ್ಪ. ‘ಏನದು?’

ಹೊನ್ನೇಶ್ ಇನ್ನೊಂದ್ಸಲ ಓದಿದ.

‘ಥೂ. ನಮ್ಮ ವಂಶದಲ್ಲಿ ಇಂಥ ಹೆಂಗ್ಸಾ? ಹೊಡೆದ್ಹಾಕು ಆ ಹೆಸರ್ನ. ಹಾಲದ್ರಿಕಪ್ಪಂಗೆ ಬೇರೆ ಹೆಂಡ್ತಿ ಬರ್ಕೋ, ಯಾರಾದ್ರೂ ಒಳ್ಳೆಯೋಳ್ನ.’

‘ಹಿರಿಯರೆಲ್ಲಾ ಒಪ್ಪಿದ್ರೆ ಹೊಡೀಬೋದು ಬುದ್ಧಿ’ ಅಂತ ಹೊನ್ನೇಶ್ ಪೆನ್ನು ತೆಗೆದ. ಹೂಂ ಹೊಡಿ, ಹೂಂ ಹೊಡಿ ಅಂದ್ರು ಎರಡು ಮನೆಯೋರೂ. ಆರು ತಿಂಗಳಲ್ಲಿ ಮೊದಲನೇ ಸಲ ಒಂದಾದ್ರು ನೋಡು.

ತೀರ್ಥ ನನ್ನ ಕಡೆ ನೋಡಿದ. ಅವನ ಸಂಕಟ ನಂಗೆ ಗೊತ್ತಾಯ್ತು. ಇದು ಫೋನಿನ ಕತೆ ಅಂದ್ರೆ ಆ ಹಾಳೆಯೇ ಹರೀತಾರೆ, ಇವನ್ನ ಊರು ಬಿಡೋವರೆಗೂ ನಗ್ತಾರೆ. ಪುಸ್ತಕ ಸುಳ್ಳು ಅಂತಾದ್ರೆ ಬೀರಯ್ಯನ ಮನೆಯೋರು ಇನ್ಯಾವ ಊರ ಜಗಲಿ ಮೇಲೆ ಕೂತು ಓದ್ತಾರೆ? ಸುಮ್ನಿದ್ರೆ ಅವಳು ಹೋದ್ಲು. ಅವಳಿಗೋಸ್ಕರ ತಾನೆ ಇಷ್ಟೆಲ್ಲಾ ಮಾಡಿದ್ದು, ನನ್ನ ತಂಬಿಗೆ ಕೂಡ.

ಎದ್ದು ನಿಂತ. ‘ಚನ್ನಬಸಣ್ಣ, ಯಾಕೆ ತೆಗೆದ್ಲು ಅಂತ ಕೇಳಲ್ವಾ?’

‘ನಿಂಗೇನ್ ಗೊತ್ತಲೇ?’

‘ಗೊತ್ತು.’

ಅವನ ಕೈಯಲ್ಲಿ ಫೋನಿಲ್ಲ. ಮಾತಾಡೋಕೆ ಶುರು ಮಾಡ್ದ. ಕೋಟೆ ಒಳಗೆ ಏಳು ಬಾವಿ ಇದ್ವು ಅಂದ. ಆರು ಬತ್ತಿಹೋದ್ವು. ಏಳನೇದಕ್ಕೆ ಹಗ್ಗ ಬಿಟ್ರೆ ಕೆಸರು ಬಂತು. ಕೆರೆ ಕೋಟೆ ಹೊರಗೆ, ಏರಿ ಮೇಲೆ ವೈರಿ ಕೂತವ್ನೆ. ರಾಜ ಕತ್ತಿ ಎಣಿಸ್ತಾ ಕೂತಿದ್ದ. ರಾಣಿ ಒಬ್ಬಳೇ ಮನೆ ಮನೆಗೆ ಹೋಗಿ ಹಂಡೆ ಮುಚ್ಚಳ ತೆಗೆದು ನೋಡಿದ್ಲು. ಒಂದು ಮನೇಲಿ ಒಬ್ಬ ತಾಯಿ ಒದ್ದೆ ಬಟ್ಟೆ ಹಿಂಡಿ ಮಗು ತುಟಿಗೆ ಹಚ್ತಿದ್ಲು. ಬಟ್ಟೆನೂ ಒಣಗಿತ್ತು. ‘ಅವಳು ವೈರಿ ಒಳಗೆ ಬರ್ಲಿ ಅಂತ ತೆಗೀಲಿಲ್ಲ ಅಣ್ಣ. ಒಳಗಿರೋರು ನೀರಿಗೆ ಹೋಗ್ಲಿ ಅಂತ ತೆಗೆದ್ಲು. ಬಾಗಿಲು ಒಂದೇ ಇತ್ತು.’

ನಾಕು ವರ್ಷದಲ್ಲಿ ಆ ಮಾತು ನಾನು ಕೇಳಿರ್ಲಿಲ್ಲ.

‘ಎಲ್ಲಾ ಸರಿ, ಕೋಟೆ ಹೋಯ್ತಲ್ಲ’ ಅಂದ ಚನ್ನಬಸಪ್ಪ. ‘ಹೊಡಿಯಪ್ಪ ನೀನು.’

ಆಗ ನನ್ನ ಪಕ್ಕದಲ್ಲಿದ್ದ ಹುಚ್ಚಮ್ಮ ಎದ್ಲು. ಮಡಿಲಲ್ಲಿದ್ದ ಹುರುಳಿಕಾಯಿ ಎಲ್ಲಾ ಚೆಲ್ಲಿಹೋಯ್ತು. ಆ ಹೆಂಗಸು ಗಂಡಸರ ಮುಂದೆ ಜೋರಾಗಿ ಸೀನಿದ್ದೂ ನಾನು ನೋಡಿಲ್ಲ. ‘ಆ ಹೆಸರು ಹೊಡೆದ್ರೆ ಇವತ್ತು ಈ ಅಂಗಳದಲ್ಲಿ ಎಲೆ ಹಾಕಲ್ಲ’ ಅಂದ್ಲು.

‘ನಿಂಗ್ಯಾಕೆ? ಒಳಗೆ ಹೋಗು.’

‘ಎರಡು ವರ್ಷದ ಹಿಂದೆ ಬೇಸಿಗೇಲಿ ಪಂಚಾಯ್ತಿ ಬೋರು ನಿಂತಾಗ, ನಮ್ಮ ತೋಟದ ಬೋರಲ್ಲಿ ನೀರಿತ್ತು. ನೀವು ಗೇಟಿಗೆ ಬೀಗ ಹಾಕಿ ಕಡೂರಿಗೆ ಹೋಗ್ತಿದ್ರಿ. ಸಾಯಂಕಾಲ ಬಂದ್ರೆ ತೋಟದ ತುಂಬಾ ಹೆಜ್ಜೆ. ದನ ನುಗ್ಗವೆ ಅಂದೆ, ನಂಬಿದ್ರಿ. ದನ ಬೀಗದಕೈ ತಗೊಂಡ್ಹೋಗ್ತಾವಾ?’

ಅಯ್ಯೋ, ಆ ನಗು! ಇವಳು ಬೀಗ ತೆಗೆದ್ರೆ ಊರಿನ ಹೆಂಗಸರೆಲ್ಲಾ ಕೊಡ ಹೊತ್ಕೊಂಡು ಆ ಗೇಟಲ್ಲಿ ಹೋಗಿದ್ದೋರೇ. ನಾನೇ ದಿನಕ್ಕೆ ನಾಕು ಕೊಡ ತಂದಿದ್ದೀನಿ. ಊರಲ್ಲಿ ಗೊತ್ತಿಲ್ದೆ ಇದ್ದೋನು ಚನ್ನಬಸಪ್ಪ ಒಬ್ಬನೇ. ಸಂಗೀತಾ ಎದ್ದು ನಿಂತು, ‘ನಾವೂ ಬಡಿಸಲ್ಲ’ ಅಂದ್ಲು. ಸಾಂಬಾರ್ ಹಂಡೆ ಮುಚ್ಚಳದ ಮೇಲೆ ನಾನು ಕೂತ್ಬಿಟ್ಟೆ. ಸುಡ್ತಿತ್ತು, ಆದ್ರೂ ಕೂತೆ. ಗಂಟೆ ಎರಡೂವರೆ. ಅರಸು ಮನೆತನದೋರಿಗೆಲ್ಲಾ ಹೊಟ್ಟೆ ಹಸಿದಿತ್ತು. ಹೊನ್ನೇಶ್ ಮೆಲ್ಲಗೆ ಪೆನ್ನು ಮುಚ್ಚಿ ಜೇಬಿಗಿಟ್ಕೊಂಡ.

ಊಟ ಆದ್ಮೇಲೆ ಕೈ ತೊಳೆಯೋಕೆ ನೀರು ಹಾಕ್ತಿದ್ದೆ, ತೀರ್ಥ ಬಂದು, ‘ಅತ್ತಿಗೆ, ಅದು ಆಟದಲ್ಲಿ ಇರ್ಲಿಲ್ಲ’ ಅಂದ.

‘ನಂಗೊತ್ತು ಕಣೋ.’

‘ಅಷ್ಟು ಜನದ ಮುಂದೆ ಸುಳ್ಳು ಹೇಳ್ಬಿಟ್ಟೆ.’

‘ಆಟದೋರು ಹೇಳಿದ್ದೆಲ್ಲಾ ಪಹಣೀಲಿತ್ತಾ? ಕೈ ಒಡ್ಡು, ನೀರು ಚೆಲ್ಲುತ್ತೆ.’

ಭವನದ ಮೇಲೆ ಈಗ ‘ಶ್ರೀ ಹಾಲದ್ರಿಕಪ್ಪ ಅರಸರ ಸಮುದಾಯ ಭವನ’ ಅಂತ ಆಳೆತ್ತರದ ಅಕ್ಷರ. ಚನ್ನಬಸಪ್ಪ ಗಾಡಿ ಮೇಲಿನ ‘ಮಾಜಿ’ ಹಿಂದೆ ‘ಅರಸು’ ಅಂತ ಬರೆಸ್ಕೊಂಡವ್ನೆ, ಅಲ್ಲಿಗೆ ಮಾಜಿ ಅರಸು ಆದ. ಭವನದ ಮುಂದೆ ಕುಡಿಯೋ ನೀರಿನ ಘಟಕ ಹಾಕಿದ್ರಲ್ಲ, ಅದಕ್ಕೆ ಹೆಂಗಸರೆಲ್ಲಾ ಸೇರಿ ಇಸುಮಾರಮ್ಮನ ಹೆಸರು ಬರೆಸಿದ್ವಿ. ಸುತ್ತ ಗೇಟು ಹಾಕ್ಸೋಕೆ ಬಂದಿದ್ದ ಚನ್ನಬಸಪ್ಪ. ಹುಚ್ಚಮ್ಮ ಅವನ ಮುಖ ನೋಡಿದ್ಲು ಅಷ್ಟೆ. ವೆಲ್ಡಿಂಗಿನೋನ ಆಟೊ ಹಂಗೇ ವಾಪಸ್ ಹೋಯ್ತು.

ಇದೆಲ್ಲಾ ಅಚ್ಚಾದ್ರೆ ಅವನಿಗೆ ಗೊತ್ತಾಗಲ್ವಾ ಅಂತೀಯಾ? ಚನ್ನಬಸಪ್ಪ ಬೋರ್ಡು, ವಾಟ್ಸಾಪು ಬಿಟ್ರೆ ಏನೂ ಓದಲ್ಲ ಕಣೇ. ಧೈರ್ಯವಾಗಿ ಹಾಕ್ಸು.

ನೀರಿನ ಘಟಕ ಶುರುಮಾಡಿದ ದಿನ ಬೀರಯ್ಯ ತಾನೇ ಬಂದಿದ್ದ, ಮಂಡಿಗೆ ಪಟ್ಟಿ ಕಟ್ಕೊಂಡು. ಬ್ಯಾಗಿಂದ ನನ್ನ ಕಂಚಿನ ತಂಬಿಗೆ ತೆಗೆದ! ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದ. ನನ್ನ ಕಣ್ಣಲ್ಲಿ ನೀರು ಬಂತು, ಕೈ ಚಾಚಿದೆ. ಅವನು ತಂಬಿಗೆ ತುಂಬಾ ನೀರು ಹಿಡಿದು, ಆ ಹೆಸರಿನ ಮುಂದೆ ಒಂದು ಗಳಿಗೆ ಇಟ್ಟು, ಮೊದಲು ತೀರ್ಥಂಗೆ ಕುಡಿಯೋಕೆ ಕೊಟ್ಟ. ತೀರ್ಥ ಕುಡಿದ. ಆಮೇಲೆ ಬೀರಯ್ಯ ತಂಬಿಗೆ ಒರೆಸಿ ತಿರ್ಗಾ ಬ್ಯಾಗಿಗೆ ಹಾಕ್ಕೊಂಡ. ‘ಕೊಟ್ಟ ಕಾಣಿಕೆ ವಾಪಸ್ ತಗೊಂಡ್ರೆ ವಂಶಕ್ಕೆ ಒಳ್ಳೇದಲ್ಲ ತಾಯಿ’ ಅಂದ.

ಹೋಗ್ತಾ ಹೋಗ್ತಾ ನಮ್ಮನೆ ಮುಂದೆ ಗಾಡಿ ನಿಲ್ಲಿಸಿ ತೀರ್ಥನ್ನ ಕೇಳಿದ. ‘ಯಜಮಾನ್ರೇ, ಆ ಕಿರಿಮಗ ಎಲ್ಲಿಗೆ ಹೋದ ಅಂತ ಏನಾದ್ರೂ ಗೊತ್ತಾಯ್ತಾ? ಅರ್ಧ ಪುಟ ಹಂಗೇ ಐತೆ.’

ನಮ್ಮ ತೀರ್ಥ ಗಿಟುಕು ಆಗೈತಾ ಅಂತ ನೋಡೋವಾಗ ಹೆಂಗೆ ತಲೆ ಓರೆ ಮಾಡ್ತಾನೋ ಹಂಗೆ ಮಾಡ್ದ. ‘ಇನ್ನೂ ಸ್ವಲ್ಪ ದಿನ ಬಿಡು ಬೀರಯ್ಯ. ಬತ್ತಾ ಐತೆ’ ಅಂದ.

ಆಗ ಬೀರಯ್ಯ ನಮ್ಮ ಅಡುಗೆಮನೆ ಕಡೆ ಒಂದು ಸಲ ನೋಡಿದ. ನಾನು ಅವತ್ತೇ ನನ್ನ ಹಿತ್ತಾಳೆ ಕೊಳಗ ತಗೊಂಡ್ಹೋಗಿ ಅಟ್ಟದ ಮೇಲೆ ಕಾಯಿ ರಾಶಿ ಒಳಗೆ ಹೂತಿಟ್ಟೆ.